ಸೋಪಣ್ಣನ ಕಿಟಕಿ ಮಾಸ್ಕು

ನಮ್ಮ ಬೀದಿಯ ಕ್ಷೌರಿಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂಬುದು ಈಗ ಅವನ ಹೆಂಡತಿಯನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಆ ದೊಡ್ಡ ರೋಗ ಬಂದ ಮೊದಲ ವರ್ಷ ನಾವೆಲ್ಲ ಸೇರಿ ಅವನಿಗೆ ಸೋಪಣ್ಣ ಎಂದು ಹೆಸರಿಟ್ಟೆವು, ಅದೇ ಗಟ್ಟಿಯಾಯಿತು. ಅವನ ಅಂಗಡಿಗೂ ನನ್ನ ಗಡಿಯಾರ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ. ಅಲ್ಲಿ ಯಾರಾದರೂ ಕೆಮ್ಮಿದರೆ ಇಲ್ಲಿ ನನ್ನ ಮೇಜಿನ ಮೇಲಿನ ಮುಳ್ಳು ಅಲುಗುತ್ತದೆ. ಹಾಗಾಗಿ ಅವನ ಸುದ್ದಿಯನ್ನು ನಾನು ಕದ್ದು ಕೇಳಬೇಕಾಗಿಲ್ಲ, ತಾನಾಗಿ ಬಂದು ಕಿವಿಗೆ ಬೀಳುತ್ತದೆ. ಉಳಿದದ್ದನ್ನು ಅವನೇ ಬಂದು ಹೇಳಿದ್ದಾನೆ.

ಆಗ ಅವನ ಅಂಗಡಿಯ ಬಾಗಿಲಲ್ಲಿ ಒಂದು ಬಕೆಟ್ಟು, ಒಂದು ಮಗ್ಗು, ದಾರ ಕಟ್ಟಿದ ಒಂದು ಸೋಪು. ಕೈ ತೊಳೆದುಕೊಂಡು ಹಿಂದೆ ಬೀಳುವುದು ಎನ್ನುತ್ತಾರಲ್ಲ, ಇವನು ನಿಜವಾಗಿಯೂ ತಾನು ಕೈ ತೊಳೆದುಕೊಂಡು ಗಿರಾಕಿಯ ಹಿಂದೆ ಬೀಳುತ್ತಿದ್ದ. "ಉಗುರಿನ ಸಂದಿ ಬಿಟ್ರಿ, ಇನ್ನೊಂದು ಸಲ" ಎಂದು ದೊಡ್ಡ ದೊಡ್ಡವರನ್ನೂ ಬಾಗಿಲಿನಿಂದ ವಾಪಸ್ಸು ಕಳಿಸುತ್ತಿದ್ದ. ಆ ದಿನಗಳಲ್ಲಿ ಅದು ಯಾರಿಗೂ ಅತಿಯೆನಿಸಲಿಲ್ಲ. ಬೀದಿಯಲ್ಲಿ ಒಬ್ಬರಿಗೆ ರೋಗ ಬಂದರೆ ಸಾಕು, ಯಾರಿಂದ ಬಂತು, ಎಲ್ಲಿ ಕೂತಿದ್ದರು, ಯಾರ ಜೊತೆ ಮಾತಾಡಿದರು ಎಂದು ಪತ್ತೆ ಹಚ್ಚುವುದರಲ್ಲಿ ನಾವು ಪೊಲೀಸರನ್ನೂ ಮೀರಿಸಿದ್ದೆವು. ಆ ಮನೆಯ ಮುಂದೆ ಹಗ್ಗ ಕಟ್ಟಿದ್ದೂ ನಾವೇ, ಹಾಲಿನವನಿಗೆ ಹಗ್ಗದಾಚೆ ಹೋಗಬೇಡ ಎಂದದ್ದೂ ನಾವೇ.

ಆಮೇಲೆ ಭಯ ಹಳೆಯದಾಯಿತು. ಮಾಸ್ಕು ಮೂಗಿನಿಂದ ಗದ್ದಕ್ಕೆ ಇಳಿಯಿತು, ಗದ್ದದಿಂದ ಜೇಬಿಗೆ ಇಳಿಯಿತು. ಉಳಿದ ಮಾಸ್ಕುಗಳಲ್ಲಿ ನಾನು ಗಡಿಯಾರದ ಗಾಜು ಒರೆಸುತ್ತಿದ್ದೇನೆ, ಬಟ್ಟೆ ಬಹಳ ಚೆನ್ನಾಗಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬಂತೆ ನಡೆದುಕೊಂಡೆವು. ನಿಜ ನೋಡಿದರೆ ನಾವು ಹೊಳೆ ದಾಟಿರಲಿಲ್ಲ, ಹೊಳೆಯೇ ಊರೊಳಗೆ ಬಂದು ಮನೆ ಮಾಡಿಕೊಂಡಿತ್ತು. ವರ್ಷಕ್ಕೊಮ್ಮೆಯೋ ಎರಡು ಸಲವೋ ಅದೇ ರೋಗ ಬೀದಿಯಲ್ಲಿ ಸುತ್ತಾಡುತ್ತದೆ. ನಾವು ಅದನ್ನು ಸೀಸನ್ ಜ್ವರ ಎಂದು ಕರೆದು, ಮಾತ್ರೆ ನುಂಗಿ, ಕೆಲಸಕ್ಕೆ ಹೋಗುತ್ತೇವೆ.

ಸೋಪಣ್ಣ ಮಾತ್ರ ಬಿಡಲಿಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನಕ್ಕೆವು. "ಏನು ಸೋಪಣ್ಣ, ಆಪರೇಷನ್ನಾ, ಕಟಿಂಗಾ?" ಎಂದು ಒಬ್ಬ ಕೇಳಿದರೆ, "ಮುಖ ತೋರ್ಸಪ್ಪ, ನೀನೇ ಅಂತ ಹೇಗೆ ನಂಬೋದು, ಕೈಯಲ್ಲಿ ಬೇರೆ ಕತ್ತಿ ಇದೆ" ಎಂದು ಇನ್ನೊಬ್ಬ. ನಗುತ್ತ ನಗುತ್ತಲೇ ಕೆಲವರು ಮುಂದಿನ ತಿರುವಿನ ಹೊಸ ಸಲೂನಿಗೆ ಹೋದರು. ಮೊದಲು ಬಾಗಿಲ ಬಕೆಟ್ಟು ಒಳಗೆ ಹೋಯಿತು. ಆಮೇಲೆ ದಾರ ಮಾತ್ರ ನೇತಾಡುತ್ತಿತ್ತು, ಸೋಪಿರಲಿಲ್ಲ. ಕೊನೆಗೆ ಅವನ ಮುಖವೂ ನಮಗೆಲ್ಲ ಕಾಣಿಸಿತು, ನಾವು ಚಪ್ಪಾಳೆ ತಟ್ಟಿದೆವು. ಒಂದೇ ಒಂದು ಕಡೆಗೆ ಮಾತ್ರ ಅವನು ಮಾಸ್ಕು ಹಾಕಿಕೊಂಡೇ ಹೋಗುತ್ತಿದ್ದ. ಅದು ಪ್ರೆಸ್ಸಜ್ಜನ ಮನೆ.

ಪ್ರೆಸ್ಸಜ್ಜ ಎಂದರೆ ಜೀವಮಾನವೆಲ್ಲ ಅಚ್ಚಿನ ಮನೆಯಲ್ಲಿ ದುಡಿದ ಮುದುಕರು. ಯಂತ್ರದ ಸದ್ದಿಗೆ ಎರಡೂ ಕಿವಿ ಕೊಟ್ಟು ಬಂದಿದ್ದರು. ಮಗಳು ಅಳಿಯನ ಜೊತೆ ಇದ್ದರು, ಮೊಣಕಾಲು ಏಳಗೊಡದ್ದರಿಂದ ವಾರಕ್ಕೊಮ್ಮೆ ಸೋಪಣ್ಣನೇ ಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದ. ಕಿವಿ ಹೋದರೇನು, ಅಜ್ಜ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಬೀದಿಯ ಆಚೆ ಬದಿಯಲ್ಲಿ ಇಬ್ಬರು ಪಿಸುಗುಟ್ಟಿದರೂ ಇವರಿಗೆ ಗೊತ್ತಾಗುತ್ತಿತ್ತು, ಹಾಗಾಗಿ ಅವರ ಕಿಟಕಿಯ ಎದುರು ಯಾರೂ ಚಾಡಿ ಹೇಳುತ್ತಿರಲಿಲ್ಲ. ಆದರೆ ಎಲ್ಲರೂ ಮಾಸ್ಕು ಹಾಕಿಕೊಂಡ ಕಾಲದಲ್ಲಿ ಅಜ್ಜನಿಗೆ ಮಗಳ ಬಾಯಿಯೂ ಮುಚ್ಚಿಹೋಯಿತು. "ಆಗ ಲೋಕಾನೇ ಮೂಕಾಗಿತ್ತು ಕಣಯ್ಯಾ" ಎಂದು ಆಮೇಲೆ ಹೇಳಿಕೊಂಡು ನಗುತ್ತಿದ್ದರು. ನಗುವಾಗ ಕಣ್ಣಲ್ಲಿ ನೀರು ಬರುತ್ತಿತ್ತು.

ಕುರ್ಚಿಯಲ್ಲಿ ಕೂತು ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡ ಕೂಡಲೇ ಕಣ್ಣು ಮುಚ್ಚುವುದು ಎಲ್ಲ ಗಂಡಸರ ಅಭ್ಯಾಸ. ಅರ್ಧ ಜನ ಗೊರಕೆಯನ್ನೂ ಹೊಡೆಯುತ್ತಾರೆ. ಪ್ರೆಸ್ಸಜ್ಜ ಮಾತ್ರ ಕೊನೆಯವರೆಗೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು. ಕಣ್ಣೇ ಅವರ ಕಿವಿಯಲ್ಲವೇ. ಸೋಪಣ್ಣ ಬೀದಿಯ ಕತೆ ಹೇಳುತ್ತ ಕತ್ತಿ ಎಳೆಯಬೇಕು, ಅಜ್ಜ ಅವನ ತುಟಿಯನ್ನೇ ನೋಡುತ್ತ ಕೇಳಬೇಕು.

ಮಾಸ್ಕು ಹಾಕಿದರೆ ಕತೆ ಇಲ್ಲ, ತೆಗೆದರೆ ಅಜ್ಜನಿಗೆ ಅಪಾಯ. ಇದಕ್ಕೆ ದಾರಿ ಹುಡುಕಿದವಳು ಸೋಪಣ್ಣನ ಹೆಂಡತಿ. ಅವಳು ಮನೆಯಲ್ಲೇ ಹೊಲಿಗೆ ಮಾಡುವವಳು. ಬಟ್ಟೆ ಮಾಸ್ಕಿನ ನಡುವೆ ತುಟಿಯಗಲಕ್ಕೆ ಕತ್ತರಿಸಿ, ಷರಟಿನ ಪೆಟ್ಟಿಗೆಯ ಪಾರದರ್ಶಕ ಪ್ಲಾಸ್ಟಿಕ್ ಹೊಲಿದುಕೊಟ್ಟಳು. ಒಳಗಿನಿಂದ ಸೋಪು ಸವರಿ ಒರೆಸಿದರೆ ಸ್ವಲ್ಪ ಹೊತ್ತು ಮಂಜು ಕಟ್ಟುವುದಿಲ್ಲ ಎಂಬುದನ್ನೂ ಅವಳೇ ಕಂಡುಹಿಡಿದಳು. ಆ ಕಿಟಕಿಯಲ್ಲಿ ಸೋಪಣ್ಣನ ತುಟಿ ಕಂಡ ದಿನ ಅಜ್ಜ ಮಗಳನ್ನು ಕೂಗಿ ಕರೆದು ತೋರಿಸಿದರಂತೆ. ಆದರೂ ಬಿಸಿನೀರಿನ ಬಟ್ಟಲು ಮುಂದಿದ್ದರೆ ಸೋಪು ಎಷ್ಟು ಹೊತ್ತು ತಡೆದೀತು? ಕತೆಯ ನಡುವೆ ಕಿಟಕಿ ಮಂಜಾಗುತ್ತಿತ್ತು, ಅಜ್ಜ "ಒರೆಸ್ಕೊಳಯ್ಯಾ" ಎಂದು ರೇಗುತ್ತಿದ್ದರು.

ಹೀಗಿರುವಾಗ ಒಂದು ವಾರ ಬೀದಿಯಲ್ಲಿ ಓಡುತ್ತಿದ್ದ ಕತೆ ಬೇಕರಿಯವನದು. ಅವನು ಯಾವುದೋ ಪಂದ್ಯದಲ್ಲಿ ಸೋತು ಅರ್ಧ ಮೀಸೆ ಬೋಳಿಸಿಕೊಂಡಿದ್ದ. ಬೋಳಿಸಿದವನು ನಮ್ಮ ಸೋಪಣ್ಣನೇ. ನಾಚಿಕೆ ಮುಚ್ಚಲು ಬೇಕರಿಯವನು ಹಳೆಯ ಮಾಸ್ಕು ಹುಡುಕಿ ಹಾಕಿಕೊಂಡು ಗಲ್ಲಾದಲ್ಲಿ ಕೂತ. ಮಾಸ್ಕು ಕಂಡ ಗಿರಾಕಿಗಳು ಇವನಿಗೆ ಏನೋ ಬಂದಿದೆ ಎಂದು ಬ್ರೆಡ್ಡು ಕೊಳ್ಳುವುದನ್ನೇ ಬಿಟ್ಟರು. ಮಾಸ್ಕು ಹಾಕದವರ ಬಳಿ ನಾವು ಧೈರ್ಯವಾಗಿ ಹೋಗುತ್ತೇವೆ, ಹಾಕಿಕೊಂಡವನನ್ನು ಕಂಡರೆ ಓಡುತ್ತೇವೆ, ಅಷ್ಟು ಬುದ್ಧಿವಂತರು ನಾವು. ಸೋಪಣ್ಣ ಈ ಕತೆಯನ್ನು ಅಜ್ಜನಿಗೆ ಅರ್ಧ ಹೇಳುವಷ್ಟರಲ್ಲಿ ಕ್ಷೌರ ಮುಗಿದಿತ್ತು. "ಉಳಿದದ್ದು ಬರೋ ವಾರ ಯಜಮಾನ್ರೇ" ಎಂದು ಎದ್ದು ಬಂದಿದ್ದ.

ಮುಂದಿನ ವಾರ ಬೆಳಿಗ್ಗೆ ಎದ್ದಾಗ ಅವನ ಹೆಂಡತಿಗೆ ಮೈ ಕೆಂಡದಂತೆ ಕಾಯುತ್ತಿತ್ತು. ಸೋಪಣ್ಣನ ಗಂಟಲಲ್ಲೂ ಕೆರೆತ.

"ರೀ, ಇವತ್ತು ಅಜ್ಜನ ಮನೆಗೆ ಹೋಗ್ಬೇಡಿ" ಎಂದಳು ಮಲಗಿದಲ್ಲಿಂದಲೇ.

"ನನಗೇನಾಗಿದೆ? ಪೌಡರ್ ಧೂಳು. ದಿನಾ ಕೂದಲು ಕುಡಿಯೋ ಗಂಟಲು ಇದು."

"ನನಗೆ ಜ್ವರ ಇದೆಯಲ್ಲ."

"ಊರಿಗೆಲ್ಲ ಇದೆ. ಅಜ್ಜ ಕತೆ ಕೇಳೋಕೆ ವಾರದಿಂದ ಕಾಯ್ತಿದ್ದಾರೆ."

ಸುಳ್ಳಲ್ಲ, ಅಜ್ಜ ಕಾಯುತ್ತಿದ್ದರು. ಬಾಗಿಲಲ್ಲಿ ಅವನನ್ನು ಕಂಡದ್ದೇ "ಆಮೇಲೆ ಏನಾಯ್ತು ಬೇಕರಿಯವನಿಗೆ?" ಎಂದರು. ಸೋಪಣ್ಣ ಕಿಟಕಿ ಮಾಸ್ಕು ಹಾಕಿಕೊಂಡೇ ಶುರುಮಾಡಿದ. ಆದರೆ ಆ ದಿನ ಅವಸರದಲ್ಲಿ ಸೋಪು ಸವರುವುದನ್ನು ಮರೆತಿದ್ದ. ಎರಡು ಮಾತಿಗೆ ಕಿಟಕಿ ಬೆಳ್ಳಗಾಯಿತು. ಒರೆಸಿದ, ಮತ್ತೆ ಬೆಳ್ಳಗಾಯಿತು. ಕತೆಯ ಒಳ್ಳೆಯ ಭಾಗ, ಬೇಕರಿಯವನ ಹೆಂಡತಿ ಬಂದು ಎಲ್ಲರೆದುರು ಮಾಸ್ಕು ಕಿತ್ತೆಸೆಯುವ ಭಾಗ, ಅದೇ ಅಜ್ಜನಿಗೆ ಕಾಣಲಿಲ್ಲ. "ತೆಗಿಯಯ್ಯಾ ಅದನ್ನ, ಸುಡುಗಾಡು" ಎಂದರು. ಸೋಪಣ್ಣ ತೆಗೆದ. ತೆಗೆದು, ಬೇಕರಿಯವನ ಹೆಂಡತಿಯ ಹಾಗೆಯೇ ಕೈ ಬೀಸಿ ಎಸೆದು ತೋರಿಸಿದ. ಅಜ್ಜ ನೊರೆ ಹಾರುವಂತೆ ನಕ್ಕರು. ಅವರ ಮುಖಕ್ಕೂ ಇವನ ಮುಖಕ್ಕೂ ನಡುವೆ ಒಂದು ಗೇಣು ಜಾಗವಿತ್ತು.

ಮರುದಿನ ಸೋಪಣ್ಣನಿಗೂ ಜ್ವರ ಬಂತು. ಹೆಂಡತಿ ಔಷಧಿ ಅಂಗಡಿಯಿಂದ ಟೆಸ್ಟ್ ಕಿಟ್ ತರಿಸಿದಳು. "ಇದನ್ನ ಈಗಲೂ ತಗೊಳ್ಳೋರಿದ್ದಾರಾ?" ಎಂದು ಅಂಗಡಿಯವನು ಧೂಳು ಊದಿ ಕೊಟ್ಟನಂತೆ. ಇಬ್ಬರದ್ದರಲ್ಲೂ ಎರಡು ಗೆರೆ, ಅದೇ ರೋಗ. ಅವಳು ಒಂದು ಸಲ "ನಾನು ಹೇಳಿರಲಿಲ್ವಾ?" ಎಂದುಬಿಟ್ಟಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ ಎಂದು ಸೋಪಣ್ಣ ನನಗೆ ಹೇಳಿದ್ದಾನೆ. ಅವಳು ಗಂಜಿಯ ತಟ್ಟೆ ಇಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಅಜ್ಜನ ಮನೆಗೆ ಫೋನು ಮಾಡಿ ತಿಳಿಸಬೇಕು ಎಂದು ಫೋನು ಕೈಗೆತ್ತಿಕೊಂಡ. ಅವರಿಗೇನೂ ಆಗಿರಲಿಕ್ಕಿಲ್ಲ, ಸುಮ್ಮನೆ ಯಾಕೆ ಗಾಬರಿ ಎಂದು ಕೆಳಗಿಟ್ಟ. ಆಗಲಾದರೂ ಹೇಳಿದ್ದರೆ ಅವರು ಅಜ್ಜನನ್ನು ಬೇಗ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಈ ಮಾತನ್ನು ಹೇಳುವಾಗ ಅವನು ನನ್ನ ಮುಖ ನೋಡುವುದಿಲ್ಲ, ಗೋಡೆಯ ಗಡಿಯಾರಗಳನ್ನು ನೋಡುತ್ತಾನೆ.

ಅವನು ಚೇತರಿಸಿಕೊಂಡು ಅಂಗಡಿ ತೆರೆಯುವ ಹೊತ್ತಿಗೆ ಅಜ್ಜ ಆಸ್ಪತ್ರೆ ಸೇರಿದ್ದರು. ಬೀದಿಯಲ್ಲಿ ಅದೊಂದು ಸುದ್ದಿಯೂ ಆಗಲಿಲ್ಲ. "ವಯಸ್ಸಾಯ್ತಲ್ಲ" ಎಂದರು. "ಸೀಸನ್ನು" ಎಂದರು. ಯಾರಿಂದ ಬಂತು ಎಂದು ಒಬ್ಬನೂ ಕೇಳಲಿಲ್ಲ. ಹಿಂದೆ ಹಗ್ಗ ಕಟ್ಟಿಸಿದ ಇದೇ ನಾಲಿಗೆಗಳು! ಕೇಳದಿದ್ದರೂ ಸೋಪಣ್ಣ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಗಿರಾಕಿ ಸುಮ್ಮನೆ "ಅಜ್ಜ ಹೇಗಿದ್ದಾರೆ?" ಎಂದರೂ ಕತ್ತಿ ಹಿಡಿದ ಕೈ ನಿಂತುಬಿಡುತ್ತಿತ್ತು.

ಆಗಲೇ ಅಜ್ಜನ ಮಗಳ ಫೋನು ಬಂತು. "ಸೋಪಣ್ಣಾ, ಒಂದು ಉಪಕಾರ ಮಾಡ್ಬೇಕು. ಅಪ್ಪನಿಗೆ ಗಡ್ಡ ಬೆಳೆದಿದೆ. ಆಕ್ಸಿಜನ್ ಮಾಸ್ಕು ಸರಿಯಾಗಿ ಕೂರ್ತಿಲ್ವಂತೆ, ಪಕ್ಕದಿಂದ ಗಾಳಿ ಹೋಗ್ತಿದೆ. ಬೇರೆಯವರು ಮುಟ್ಟಿದ್ರೆ ಕೈ ತಳ್ತಾರೆ. ನೀವೇ ಬನ್ನಿ."

ಸೋಪಣ್ಣ ಮತ್ತೆ ಟೆಸ್ಟ್ ಮಾಡಿಕೊಂಡ, ಗೆರೆ ಒಂದೇ ಬಂತು. ಮೊಣಕೈವರೆಗೂ ಸೋಪು ತಿಕ್ಕಿಕೊಂಡ. ಆಸ್ಪತ್ರೆಯಲ್ಲಿ ಗಟ್ಟಿ ಬಿಳಿ ಮಾಸ್ಕು ಕೊಟ್ಟರು, ಕೈಗವಸು ಕೊಟ್ಟರು. ಕಿಟಕಿ ಮಾಸ್ಕು ಇಲ್ಲಿ ನಡೆಯುವುದಿಲ್ಲ ಎಂದರು. ಒಳಗೆ ಡಾಕ್ಟರು, ನರ್ಸು, ಮಗಳು, ಕಸ ಗುಡಿಸುವವಳು, ಎಲ್ಲರ ಬಾಯಿಯೂ ಮುಚ್ಚಿತ್ತು. ನಡುವೆ ಅಜ್ಜ, ಅರಳಿದ ಎರಡು ಕಣ್ಣು. ಯಾರು ಏನು ಹೇಳುತ್ತಿದ್ದಾರೆಂದು ತಿಳಿಯದೆ ಆ ಕಣ್ಣು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಓಡುತ್ತಿತ್ತು. ಸೋಪಣ್ಣನನ್ನು ಹಣೆಯಿಂದಲೇ ಗುರುತು ಹಿಡಿದು ಸುಮ್ಮನಾಯಿತು.

"ಬೇಗ ಮಾಡಿ, ತುಂಬ ಹೊತ್ತು ಮಾಸ್ಕು ಎತ್ತೋ ಹಾಗಿಲ್ಲ" ಎಂದು ನರ್ಸು ಗಾಳಿಯ ಮಾಸ್ಕನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಜಾಗ ಮಾಡಿಕೊಟ್ಟಳು. ಒಣಗಿದ ಗಲ್ಲ. ಸೋಪಣ್ಣ ಎರಡು ಬೆರಳಲ್ಲಿ ಚರ್ಮ ಬಿಗಿಹಿಡಿದು ಕತ್ತಿ ಎಳೆದ.

"ಯಜಮಾನ್ರೇ, ಇದು ನನ್ನಿಂದಾನೇ ಆಗಿದ್ದು" ಎಂದ. "ಹೆಂಡತಿ ಬೇಡ ಅಂದ್ಲು. ನಾನೇ ಬಂದೆ. ನಾನೇ ಕೊಟ್ಟೆ ನಿಮಗೆ. ತಪ್ಪಾಯ್ತು."

ಅಜ್ಜ ಅವನ ಮಾಸ್ಕು ಅಲುಗುವುದನ್ನು ನೋಡಿದರು. ಏನೋ ಹೇಳುತ್ತಿದ್ದಾನೆ ಎಂದು ತಿಳಿಯಿತು. ಬೆರಳೆತ್ತಿ, ಅದನ್ನು ಕೆಳಗಿಳಿಸು ಎಂದು ಸನ್ನೆ ಮಾಡಿದರು. ನರ್ಸು ಬೇಡವೆಂದು ತಲೆ ಆಡಿಸಿದಳು. ಸೋಪಣ್ಣನೂ ತಲೆ ಆಡಿಸಿದ. ಅಜ್ಜ ಬೆರಳು ಇಳಿಸಿ ಕಣ್ಣು ಬಿಟ್ಟುಕೊಂಡೇ ಕಾಯ್ದರು.

ಹೊರಗೆ ಮೊಗಸಾಲೆಯಲ್ಲಿ ಮಗಳಿಗೂ ಹೇಳಿದ. ಅವಳು ಬೈಯುತ್ತಾಳೆ, ಕೆನ್ನೆಗೆ ಹೊಡೆದರೂ ಹೊಡೆದಾಳು ಎಂದುಕೊಂಡಿದ್ದ. ಅವಳು ದಣಿದ ಕಣ್ಣು ಒರೆಸಿಕೊಂಡು, "ಅಯ್ಯೋ ಬಿಡಿ ಸೋಪಣ್ಣಾ. ಈಗ ಯಾರಿಗೆ ಬಂದಿಲ್ಲ ಹೇಳಿ? ನನ್ನ ಆಫೀಸಲ್ಲೂ ಎಲ್ಲರೂ ಕೆಮ್ಮುತಾರೆ. ಯಾರಿಂದ ಅಂತ ಹೇಳೋದು? ತಲೆಗೆ ಹಚ್ಕೋಬೇಡಿ" ಎಂದಳು. ಕ್ಷಮಿಸುವುದಕ್ಕೂ ಅವಳು ನಿಲ್ಲಲಿಲ್ಲ, ಔಷಧಿ ತರಲು ಓಡಿದಳು. ಸೋಪಣ್ಣನಿಗೆ ಅದು ನುಂಗಲಾರದ ತುತ್ತಾಯಿತು. ತಪ್ಪೇ ಇಲ್ಲವೆಂದ ಮೇಲೆ ಅದನ್ನು ಎಲ್ಲಿ ಇಳಿಸುವುದು?

ಗಟ್ಟಿ ಜೀವ, ಅಜ್ಜ ಬದುಕಿ ಮನೆಗೆ ಬಂದರು. ಬಂದವರು ಅರ್ಧ ಅಜ್ಜ. ಕುರ್ಚಿಯಿಂದ ಮಂಚಕ್ಕೆ ಹೋಗುವಷ್ಟರಲ್ಲಿ ಏದುಸಿರು. ಮೊದಲಿನ ದೊಡ್ಡ ದನಿ ಬತ್ತಿಹೋಗಿತ್ತು, ತಮ್ಮ ದನಿ ತಮಗೆ ಕೇಳದ್ದರಿಂದ ಅದು ಬತ್ತಿದ್ದು ಅವರಿಗೆ ತಿಳಿದಿರಲಿಲ್ಲ. ಕ್ಷೌರಕ್ಕೆ ಹೇಳಿಕಳಿಸಿದರು. ಸೋಪಣ್ಣ ಕೈನೋವು ಎಂದ. ಮತ್ತೆ ಹೇಳಿಕಳಿಸಿದರು. ಅಂಗಡಿಯಲ್ಲಿ ಜನ ಇದ್ದಾರೆ ಎಂದ. ಅಂಗಡಿಯಲ್ಲಿ ನೊಣ ಬಿಟ್ಟರೆ ಯಾರೂ ಇರಲಿಲ್ಲ, ನಾನು ಸಾಕ್ಷಿ.

ಆ ಮಧ್ಯಾಹ್ನ ಅವನ ಹೆಂಡತಿ ಊಟದ ಡಬ್ಬಿ ತಂದವಳು ಅಲ್ಲೇ ನಿಂತಳು. "ಯಾಕೆ ಹೋಗ್ತಿಲ್ಲ?"

"ಹೇಳಿದೀನಲ್ಲ ಅವರಿಗೆ. ಆಸ್ಪತ್ರೇಲೇ ಹೇಳಿದೀನಿ. ಇನ್ನೇನು ಮುಖ ಇಟ್ಕೊಂಡು ಹೋಗ್ಲಿ?"

"ಕಿವುಡರಿಗೆ ಬಾಯಿ ಮುಚ್ಕೊಂಡು ಹೇಳಿದ್ರಾ?" ಎಂದಳು. "ಅದು ಹೇಳಿದ ಹಾಗಲ್ಲ ರೀ. ನಿಮಗೆ ನೀವೇ ಹೇಳ್ಕೊಂಡ್ರಿ ಅಷ್ಟೆ."

ಹಲಗೆ ಗೋಡೆಯ ಈಚೆ ನಾನು ಗಡಿಯಾರದ ಸ್ಕ್ರೂ ಬೀಳಿಸಿಕೊಂಡೆ. ಅದನ್ನು ಹುಡುಕುವಷ್ಟರಲ್ಲಿ ಸೋಪಣ್ಣ ಚೀಲ ಹಿಡಿದು ಹೊರಟಿದ್ದ.

ಅಜ್ಜನ ಕೋಣೆಗೆ ಹೋದವನು ಮೊದಲು ಎರಡೂ ಕಿಟಕಿ ತೆರೆದ. ಅಜ್ಜನಿಗೆ ನೊರೆ ಹಚ್ಚಿದ. ಕತ್ತಿ ಮೇಜಿನ ಮೇಲಿಟ್ಟು ಹಿಂದೆ ಹಿಂದೆ ಸರಿದು ಬಾಗಿಲ ಬಳಿಯ ಗೋಡೆಗೆ ಬೆನ್ನು ತಾಗುವವರೆಗೆ ಹೋದ. ತುಟಿ ಓದುವವರಿಗೆ ಅಷ್ಟು ದೂರ ಏನೂ ಅಲ್ಲ. ಅಲ್ಲಿ ನಿಂತು ಮಾಸ್ಕು ತೆಗೆದ. ಅಜ್ಜನ ಮುಖ ಅರಳಿತು, ಕತೆ ಬರುತ್ತದೆ ಎಂದುಕೊಂಡರು.

ಸೋಪಣ್ಣ ಒಂದೊಂದೇ ಮಾತನ್ನು ನಿಧಾನವಾಗಿ, ತುಟಿ ಬಿಡಿಸಿ ಹೇಳಿದ. ಹೆಂಡತಿಯ ಜ್ವರ ಹೇಳಿದ. ಎರಡು ಗೆರೆ ಹೇಳಿದ. ಫೋನು ಎತ್ತಿ ಕೆಳಗಿಟ್ಟದ್ದನ್ನೂ ಹೇಳಿದ. ಕಿವಿ ಕೇಳುವವರಿಗೆ ತಪ್ಪು ಹೇಳುವಾಗ ನೆಲ ನೋಡಿಕೊಂಡು ಹೇಳಬಹುದು. ಇಲ್ಲಿ ತಲೆ ತಗ್ಗಿಸಿದರೆ ಮಾತೇ ಇಲ್ಲ, ಮುಖ ಎತ್ತಿಯೇ ಹೇಳಬೇಕು. ಅಜ್ಜ ಅವನ ತುಟಿಯಿಂದ ಕಣ್ಣು ಕೀಳಲಿಲ್ಲ. ಗಲ್ಲದ ನೊರೆ ಒಣಗಿ ಬಿರುಕು ಬಿಡತೊಡಗಿತು.

"ಗಂಟಲು ಕೆರೀತಿತ್ತಾ ಅವತ್ತು?" ಎಂದು ಕೇಳಿದರು, ಆ ಬತ್ತಿದ ದನಿಯಲ್ಲಿ.

ಪೌಡರ್ ಧೂಳು ಎಂಬ ಮಾತು ಸೋಪಣ್ಣನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ಕೆರೀತಿತ್ತು."

"ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಯಜಮಾನ್ರೇ."

ಅಜ್ಜ ಕಣ್ಣು ಮುಚ್ಚಿಕೊಂಡರು.

ಸೋಪಣ್ಣ ಇನ್ನೂ ಹೇಳುವುದಿತ್ತು. ಕ್ಷಮಿಸಿ ಎನ್ನುವುದಿತ್ತು, ನಿಮ್ಮನ್ನು ನಗಿಸುವ ಆಸೆಗೆ ಹಾಗೆ ಮಾಡಿದೆ ಎನ್ನುವುದಿತ್ತು. ಕೂಗಿದರೂ ಪ್ರಯೋಜನವಿರಲಿಲ್ಲ. ಕಣ್ಣು ಮುಚ್ಚಿದ ಆ ಮನುಷ್ಯನಿಗೆ ಲೋಕದಲ್ಲಿ ಯಾರೂ ಏನನ್ನೂ ಹೇಳುವಂತಿರಲಿಲ್ಲ. ಅವನು ಅಲ್ಲೇ ನಿಂತು ಅತ್ತ. ಅದೂ ಅಜ್ಜನಿಗೆ ಗೊತ್ತಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಜ್ಜ ಕಣ್ಣು ತೆರೆಯದೆಯೇ ಗದ್ದ ಮೇಲೆತ್ತಿ ಕುತ್ತಿಗೆ ಚಾಚಿದರು. ಸೋಪಣ್ಣ ಮಾಸ್ಕು ಹಾಕಿಕೊಂಡು, ಕೈ ತೊಳೆದು ಬಂದು, ಹೊಸದಾಗಿ ನೊರೆ ಹಚ್ಚಿ ಕ್ಷೌರ ಮಾಡಿದ. ಮುಗಿದ ಮೇಲೆ ಅಜ್ಜ ಅಂಗೈಯಿಂದ ಗಲ್ಲ ಸವರಿ ನೋಡಿಕೊಂಡರು, ಎಂದಿನ ಹಾಗೆ.

ಮುಂದಿನ ವಾರ ಬರಬೇಡ ಎನ್ನುತ್ತಾರೇನೋ ಎಂದು ಕಾದ. ಹೇಳಿಕಳಿಸಿದರು. ಹೋದ. ನೊರೆ ಹಚ್ಚುವ ಮೊದಲೇ ಅಜ್ಜ ಕಣ್ಣು ಮುಚ್ಚಿದರು. ಅದರ ಮುಂದಿನ ವಾರವೂ ಹಾಗೆಯೇ. ಎಲ್ಲ ಗಂಡಸರ ಹಾಗೆ ಕಣ್ಣು ಮುಚ್ಚಿ ಕೂತ ಅವರನ್ನು ಹೊರಗಿನವರು ನೋಡಿದರೆ ಅಜ್ಜ ಹಾಯಾಗಿದ್ದಾರೆ ಎಂದುಕೊಳ್ಳಬೇಕು. "ಬೈದುಬಿಟ್ಟಿದ್ರೆ ಚೆನ್ನಾಗಿತ್ತು" ಎನ್ನುತ್ತಾನೆ ಸೋಪಣ್ಣ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು. ನಾನು ಸಮಾಧಾನ ಹೇಳಲು ಹೋಗುವುದಿಲ್ಲ. ಎಲ್ಲರೂ ಅವನಿಗೆ ಸಮಾಧಾನವನ್ನೇ ಹೇಳಿ ಸಾಕುಮಾಡಿದ್ದಾರೆ.

ಅವನ ಬಾಗಿಲಲ್ಲಿ ಮತ್ತೆ ಬಕೆಟ್ಟು ಬಂದಿದೆ, ದಾರಕ್ಕೆ ಸೋಪು ಬಂದಿದೆ. ಹುಡುಗರು ನಗುತ್ತಾರೆ, ಅವನು ಉಗುರಿನ ಸಂದಿ ನೋಡುತ್ತಾನೆ. ಅಜ್ಜನ ಮನೆಗೆ ಹೊರಡುವ ದಿನ ಮೆಟ್ಟಿಲ ಮೇಲೆ ಕೂತು ಆ ಕಿಟಕಿ ಮಾಸ್ಕು ತೆಗೆದು, ಪ್ಲಾಸ್ಟಿಕ್ಕಿನ ಒಳಗಡೆ ಸೋಪು ಸವರಿ, ಮೂಲೆ ಮೂಲೆ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾನೆ. ಅಜ್ಜ ಅದನ್ನು ನೋಡುವುದಿಲ್ಲ ಎಂದು ಅವನಿಗೆ ಗೊತ್ತು. ಆದರೂ, ಒಂದು ದಿನ ಕಣ್ಣು ಬಿಟ್ಟರೆ ಮಂಜಾಗಿರಬಾರದು ಎನ್ನುತ್ತಾನೆ.